ಸುಣ್ಣದ ನೀಲಿ, ಪಂಡಿತರ ಕೃಷ್ಣ

ನಮ್ಮ ಕೋಡ್ಲಾ ಕಡೆ ಹಬ್ಬ ಬಂತಂದ್ರ ಗೋಡೆಗೆ ಸುಣ್ಣ ಹಚ್ಚೋರು ಬಕೆಟ್‌ನಾಗ ಒಂಚೂರು ನೀಲಿ ಕದಡ್ತಾರ. ಬರೀ ಸುಣ್ಣ ಹಚ್ಚಿದ್ರ ಗೋಡೆ ತುಸು ಹಳದಿ ಕಾಣ್ತದ, ನೀಲಿ ಆ ಹಳದಿಯನ್ನು ನುಂಗಿಬಿಡ್ತದ. ನಿಜ ಹೇಳಬೇಕಂದ್ರ ಗೋಡೆ ಮೊದಲಿಗಿಂತ ಕಡಿಮೆ ಬೆಳಕನ್ನೇ ವಾಪಸ್ ಕೊಡ್ತಿರ್ತದ, ಆದರೂ ಕಣ್ಣಿಗೆ ಹೆಚ್ಚು ಬಿಳಿ. ಬಣ್ಣದ ಚಕ್ರದಲ್ಲಿ ಎದುರುಬದುರು ಕೂತವು ಒಂದನ್ನೊಂದು ತಣಿಸುತ್ತವೆ ಅನ್ನೋದು ಇದೇ.

ಹಳದಿಗೆ ನೀಲಿ ಸೇರಿದ್ರ ಹಸಿರಾಗಬೇಕಲ್ಲ? ಶಾಲೆಯಲ್ಲಿ ಹಂಗೇ ಕಲಿಸ್ತಾರ: ಕೆಂಪು, ಹಳದಿ, ನೀಲಿ ಮೂರಿದ್ದರ ಸಾಕು, ಉಳಿದದ್ದೆಲ್ಲ ಅವುಗಳಿಂದ ಬರ್ತದ ಅಂತ. ಈ ಪಾಠದ ಮೇಲೆ ನನ್ನ ತಕರಾರಿದೆ. ಯಾವ ನೀಲಿ, ಯಾವ ಕೆಂಪು ಅಂತ ಅದು ಕೇಳೋದೇ ಇಲ್ಲ. ಸುಣ್ಣಕ್ಕೆ ಹಾಕೋ ನೀಲಿ ಅಲ್ಟ್ರಾಮರೀನ್. ಅದು ನೇರಳೆ ಕಡೆ ವಾಲಿದ ಬಣ್ಣ, ನೇರಳೆ ಹಳದಿಯ ಎದುರಾಳಿ. ಅದಕ್ಕೇ ಗೋಡೆ ಹಸಿರಾಗಲ್ಲ. ಅದೇ ಅಲ್ಟ್ರಾಮರೀನ್‌ಗೆ ಕಿತ್ತಳೆ ಕಡೆ ವಾಲಿದ ವರ್ಮಿಲಿಯನ್ ಬೆರೆಸಿ ನೋಡ್ರಿ, ನೇರಳೆ ಬದಲು ಕಂದು ಕೆಸರು. ಕ್ರಿಮ್ಸನ್ ಹಾಕಿದ್ರ ಮಾತ್ರ ಛಂದ ನೇರಳೆ. ನಮ್ಮಂಥ ಸ್ಕ್ರೀನ್ ಮಂದಿಗೆ ಇದು ಇನ್ನೂ ಕಷ್ಟ. ಕಂಪ್ಯೂಟರ್‌ನಲ್ಲಿ ಶುದ್ಧ ನೀಲಿ, ಶುದ್ಧ ಹಳದಿಯ ಸಂಖ್ಯೆಗಳ ಸರಾಸರಿ ತೆಗೆದರೆ ಬೂದು ಸಿಗ್ತದ, ಹಸಿರಿನ ಸುಳಿವೇ ಇಲ್ಲ.

ಇಷ್ಟು ಪೀಠಿಕೆ ಎಸ್.ಎಂ. ಪಂಡಿತರಿಗಾಗಿ. 1916ರಲ್ಲಿ ಗುಲ್ಬರ್ಗದಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರು, ಪುರಾಣದ ಕ್ಯಾಲೆಂಡರುಗಳಿಂದ ಮನೆಮನೆಗೆ ಹೋದವರು, 1993ರಲ್ಲಿ ತೀರಿಕೊಂಡರು. ‘ಕ್ಯಾಲೆಂಡರ್ ಕಲೆ’ ಅಂದ್ರ ಗಾಢ ಬಣ್ಣ ಎರಚಿದ್ದು ಅಂತ ಮೂಗು ಮುರಿಯೋರಿಗೆ ನನ್ನದೊಂದು ಪ್ರಶ್ನೆ: ನೀಲಿ ಮೈಯ ಕೃಷ್ಣನ ಮೇಲೆ ಬೆಚ್ಚನೆ ಬೆಳಕು ಬಿದ್ದದ್ದನ್ನು ಬರೀರಿ ನೋಡೋಣ. ನೇರ ಹಳದಿ ಬೆರೆಸಿದ್ರ ದೇವರು ಹಸಿರಾಗ್ತಾನ. ಬಿಳಿ ಬೆರೆಸಿದ್ರ ಸುಣ್ಣದ ಗೊಂಬೆ. ನೆರಳಿಗೆ ಕಪ್ಪು ಹಾಕಿದ್ರ ಮೈಯ ಜೀವಾನೇ ಹೋಗ್ತದ. ನೀಲಿಗೆ ಎದುರಾಳಿ ಕಿತ್ತಳೆ. ಅದನ್ನ ಚೂರುಚೂರೇ ಸೇರಿಸಿ ಬೂದಿನ ಹತ್ತಿರ ತಂದು, ಅಲ್ಲಿಂದ ಬೆಳಕಿಗೆ ದಾಟಬೇಕು. ನೀಲಿ ಮೈ ಚರ್ಮದಂತೆ ಕಾಣೋದು ಆ ಬೂದಿನಿಂದ, ನೀಲಿಯಿಂದಲ್ಲ. ಪಂಡಿತರು ಅಪಾರದರ್ಶಕ ಜಲವರ್ಣ ಬಳಸ್ತಿದ್ದರು. ಒದ್ದಿ ಇದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು. ಅದರಾಗ ಈ ಕೆಲಸ ಅಂದ್ರ ಹುಡುಗಾಟ ಅಲ್ಲ.

ಅವರ ದೇವರುಗಳ ಮೈಕಟ್ಟು ನನಗೆ ಅತಿ ಅನಿಸ್ತದ, ಸಿನಿಮಾದ ಗುಂಗು ಬಿಟ್ಟಿಲ್ಲ. ಅದನ್ನ ಬೈರಿ, ನಾನೂ ಜೊತೆಗಿದ್ದೀನಿ. ಬಣ್ಣಕ್ಕೆ ಬೈಯೋದಾದ್ರ ಮಾತ್ರ ಮೊದಲು ಪ್ರೆಸ್ಸಿನ ಪಾಲು ಕಳೀರಿ. ನಾಲ್ಕು ಶಾಯಿಯ ಚುಕ್ಕಿಗಳಲ್ಲಿ ಅಚ್ಚಾಗಿ, ಅಚ್ಚಾದದ್ದರ ಫೋಟೋದಿಂದ ಮತ್ತೆ ಅಚ್ಚಾಗುವಾಗ ಮೊದಲು ಸಾಯೋದು ಆ ನಡುವಿನ ಬೂದುಗಳೇ. ಉಳಿಯೋದು ಕಡು ನೀಲಿ, ಕಡು ಗುಲಾಬಿ. ಈಗ ಫೋನಿನ ಫಿಲ್ಟರ್ ಬೇರೆ. ಕಲಬುರಗಿಯ ರಂಗಮಂದಿರಕ್ಕೆ ಪಂಡಿತರದೇ ಹೆಸರು. ಅದರ ಮುಂದೆ ದಿನಾ ಓಡಾಡೋ ಎಷ್ಟೋ ಮಂದಿ ಅವರ ಬಣ್ಣ ನೋಡಿರೋದು ಅಂಗಡಿ ಗೋಡೆಯ ಇಂಥ ಹಾಳೆಗಳಲ್ಲೇ.