ಕೇಬಲ್ಲಿಗೆ ಮೊದಲು ಕೋಣೆ

ಹೈ-ಎಂಡ್ ಆಡಿಯೊ ಅಂಗಡಿಗಳಲ್ಲಿ ಆಂಪ್ಲಿಫೈಯರು, ಸ್ಪೀಕರುಗಳ ಪಕ್ಕದಲ್ಲಿ ಇನ್ನೊಂದು ಬಗೆಯ ಸರಕು ಜಾಗ ಹಿಡಿದಿದೆ. ಪವರ್ ಕೇಬಲ್, ಪವರ್ ಕಂಡಿಷನರ್, ಬಂಗಾರದ ಲೇಪನದ ಸಾಕೆಟ್, ದುಬಾರಿ ಫ್ಯೂಸ್. ಗೋಡೆಯಿಂದ ಆಂಪ್ಲಿಫೈಯರಿಗೆ ಕರೆಂಟು ತರುವ ಒಂದೂವರೆ ಮೀಟರ್ ಕೇಬಲ್ಲಿಗೆ ಲಕ್ಷ ರೂಪಾಯಿ ದಾಟಿದ ಬೆಲೆಯೂ ಉಂಟು. ಅದನ್ನು ಬದಲಾಯಿಸಿದೊಡನೆ ಗಾಯಕರ ದನಿಯ ಹಿಂದಿನ ಮೌನ ಗಾಢವಾಯಿತು, ವೇದಿಕೆ ಅಗಲವಾಯಿತು, ಬಾಸ್ ಬಿಗಿಯಾಯಿತು ಎಂದು ವಿಮರ್ಶಕರು ಬರೆಯುತ್ತಾರೆ. ಸ್ಪೀಕರ್ ಬದಲಾಯಿಸಿದಾಗಲೂ ಅವೇ ಮಾತು, ಅದೇ ಉತ್ಸಾಹ. ನನ್ನ ತಕರಾರು ಇರುವುದು ಇಲ್ಲಿ. ಕೇಳುವವರ ಕಿವಿಗೆ ತಲುಪುವ ನಾದವನ್ನು ಒಂದು ಉಪಕರಣ ಬಹಳ ಬದಲಿಸುತ್ತದೆ, ಇನ್ನೊಂದು ಕೂದಲೆಳೆಯಷ್ಟು, ಮತ್ತೊಂದು ಏನೂ ಇಲ್ಲ. ಈ ಪ್ರಮಾಣವನ್ನು ಹೇಳದ ಹೋಲಿಕೆ ವಿಮರ್ಶೆ ಎನಿಸಿಕೊಳ್ಳಲಾರದು.

ಕಿವಿಯ ತೀರ್ಪನ್ನು ಕಣ್ಣು ಬಾಗಿಸುತ್ತದೆಂಬುದು ಬಹಳ ಹಿಂದೆಯೇ ಗೊತ್ತಾದ ವಿಷಯ. ಬ್ರಿಟನ್ನಿನ ಕ್ವಾಡ್ ಕಂಪನಿಯನ್ನು ಕಟ್ಟಿದ ಪೀಟರ್ ವಾಕರ್ 1978ರಲ್ಲಿ ತಮ್ಮದೇ ಮೂರು ತಲೆಮಾರಿನ ಆಂಪ್ಲಿಫೈಯರುಗಳನ್ನು ಪರೀಕ್ಷೆಗೊಡ್ಡಿದರು: ವಾಲ್ವಿನ ಕ್ವಾಡ್ 2, ಟ್ರಾನ್ಸಿಸ್ಟರಿನ 303, ಅದರ ನಂತರದ 405. ಯಾವುದು ನುಡಿಯುತ್ತಿದೆಯೆಂದು ಹೇಳದೆ ಕೇಳಿಸಿದಾಗ ಪಳಗಿದ ಕಿವಿಗಳಿಗೂ ಮೂರನ್ನು ಬೇರ್ಪಡಿಸಲು ಆಗಲಿಲ್ಲ. ಉತ್ತರಗಳು ಊಹೆಯ ಮಟ್ಟವನ್ನು ದಾಟಲಿಲ್ಲ. ವಾಲ್ವಿನ ನಾದ ಬೆಚ್ಚಗೆ, ಟ್ರಾನ್ಸಿಸ್ಟರಿನದು ಒಣಕಲು ಎಂದು ವರ್ಷಗಟ್ಟಲೆ ಬರೆದುಕೊಂಡು ಬಂದವರಿಗೆ ಅದು ಪಾಠವಾಗಬೇಕಿತ್ತು.

1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಸ್ಪೀಕರುಗಳ ವಿಷಯದಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ನಾಲ್ಕು ಸ್ಪೀಕರುಗಳನ್ನು 40 ಮಂದಿಗೆ ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರಿಗಿಟ್ಟು ಕೇಳಿಸಿದರು. ಕಾಣುತ್ತಿದ್ದಾಗ ದೊಡ್ಡದಾಗಿ, ಚೆಂದವಾಗಿ, ದುಬಾರಿಯಾಗಿದ್ದವುಗಳಿಗೆ ಅಂಕ ಏರಿತು. ಪರದೆಯ ಹಿಂದೆ ಒಳ್ಳೆಯ ಅಂಕ ಪಡೆದಿದ್ದ ಸಣ್ಣ, ಅಗ್ಗದ ಸ್ಪೀಕರ್ ಕಣ್ಣಿಗೆ ಬಿದ್ದೊಡನೆ ಕೆಳಗಿಳಿಯಿತು. ಕೇಳಿದವರೆಲ್ಲ ಸ್ಪೀಕರ್ ತಯಾರಿಸುವ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದವರು, ಅಪ್ರಾಮಾಣಿಕರಲ್ಲ. ಕಂಡದ್ದು ಕೇಳಿದ್ದರೊಳಗೆ ಬೆರೆಯುವುದು ಮನುಷ್ಯರ ಮಿದುಳಿನ ಸ್ವಭಾವ, ಮತ್ತು ಅನುಭವ ಎಷ್ಟೇ ಇದ್ದರೂ ಅದರಿಂದ ಬಿಡುಗಡೆಯಿಲ್ಲ.

ಟೂಲ್ ಅವರ ಕೆಲಸದ ಹೆಚ್ಚಿನ ಬೆಲೆ ಇರುವುದು ಮಾತ್ರ ಅದರ ಇನ್ನೊಂದು ಭಾಗದಲ್ಲಿ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಅವರು ನಡೆಸಿ 1980ರ ದಶಕದ ನಡುವೆ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಹೆಸರು ಮರೆಯಾದಾಗ ಕೇಳುಗರ ರುಚಿಗಳು ಅಚ್ಚರಿಯಾಗುವಷ್ಟು ಹತ್ತಿರ ಬಂದವು. ಎದುರಿಗೆ ಎಲ್ಲ ಸ್ವರಗಳನ್ನೂ ಸಮವಾಗಿ ನುಡಿಸುವ, ಪಕ್ಕಕ್ಕೂ ಅದೇ ಹದದಲ್ಲಿ ನಾದ ಹರಡುವ ಸ್ಪೀಕರನ್ನೇ ಹೆಚ್ಚಿನವರು ಮೆಚ್ಚಿದರು. ಕಣ್ಣು ಮುಚ್ಚಿ ಕೇಳಿದರೆ ವ್ಯತ್ಯಾಸಗಳೆಲ್ಲ ಮಾಯವಾಗುತ್ತವೆ ಎಂದು ಹೆದರುವವರಿಗೆ ಇದೇ ಉತ್ತರ. ನಿಜವಾದ ವ್ಯತ್ಯಾಸ ಪರದೆಯ ಹಿಂದಿನಿಂದಲೂ ಕೇಳುತ್ತದೆ.

ಆದ್ದರಿಂದ ಹೋಲಿಕೆ ಸ್ಪೀಕರಿನಿಂದ ಶುರುವಾಗಬೇಕು. 1970ರ ದಶಕದಲ್ಲಿ ಬಿಬಿಸಿಯ ಎಂಜಿನಿಯರುಗಳು ಹೊರಾಂಗಣ ಪ್ರಸಾರದ ವ್ಯಾನುಗಳಿಗೆಂದು ರೂಪಿಸಿದ ಎಲ್‌ಎಸ್3/5ಎ ಒಂದು ಪುಟ್ಟ ಪೆಟ್ಟಿಗೆ. ತಳಸ್ಥಾಯಿಯ ಬಾಸ್ ಅದಕ್ಕೆ ನಿಲುಕದು, ದೊಡ್ಡ ಸದ್ದೂ ಅದರ ಕೆಲಸವಲ್ಲ. ಮನುಷ್ಯರ ದನಿಯನ್ನು ಮಾತ್ರ ಅದು ಎಷ್ಟು ಸಹಜವಾಗಿ ಕೊಡುತ್ತದೆಂದರೆ ಇವತ್ತಿಗೂ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಕೆಇಎಫ್ ಕಂಪನಿ ತನ್ನ ಐವತ್ತು ವರ್ಷದ ನೆನಪಿಗೆ 2012ರಲ್ಲಿ ತಂದ ಎಲ್‌ಎಸ್50 ಅದರಿಂದಲೇ ಪ್ರೇರಣೆ ಪಡೆದದ್ದು. ಅದರಲ್ಲಿ ಟ್ವೀಟರನ್ನು ದೊಡ್ಡ ಡ್ರೈವರಿನ ನಟ್ಟನಡುವೆ ಕೂರಿಸಿ ನಾದ ಎಲ್ಲ ದಿಕ್ಕಿಗೂ ಒಂದೇ ಬಿಂದುವಿನಿಂದ ಹೊರಡುವಂತೆ ಮಾಡಿದ್ದಾರೆ. ಮಲ್ಲಿಕಾರ್ಜುನ ಮನ್ಸೂರ್ ಅವರ ತಾನಗಳನ್ನೋ ಗಂಗೂಬಾಯಿ ಹಾನಗಲ್ ಅವರ ಗಂಡುಕಂಠವನ್ನೋ ಕೇಳುವ ಮನೆಗೆ ಈ ಎರಡರ ನಡುವಿನ ಆಯ್ಕೆ ಅರ್ಥಪೂರ್ಣ. ದನಿಯ ತೂಕ, ತಂಬೂರಿಯ ಝೇಂಕಾರ, ಕುಳಿತ ಜಾಗ ಬದಲಿಸಿದಾಗ ನಾದ ಉಳಿಯುವ ರೀತಿ, ಎಲ್ಲವೂ ಬೇರೆಯಾಗಿ ಕೇಳಿಸುತ್ತವೆ.

ಸ್ಪೀಕರಿನಷ್ಟೇ ದೊಡ್ಡ ಮಾತು ಕೋಣೆಯದು. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ ಸುಮಾರು 47 ಹರ್ಟ್ಸ್‌ನ ಅಲೆ ನಿಂತುಬಿಡುತ್ತದೆ. ಹತ್ತು ಅಡಿಯ ಅಗಲಕ್ಕೆ ಅದು ಸುಮಾರು 56 ಹರ್ಟ್ಸ್. ಇವುಗಳ ಎರಡರಷ್ಟು, ಮೂರರಷ್ಟು ಕಂಪನಗಳಲ್ಲೂ ಇದೇ ಆಗುತ್ತದೆ. ಪರಿಣಾಮವಾಗಿ ಮೃದಂಗದ ಎಡಮುಖದ ಗುಮ್ಕಿ ಒಂದು ಕುರ್ಚಿಯಲ್ಲಿ ಉಬ್ಬಿ ಕೇಳುತ್ತದೆ, ಎರಡು ಅಡಿ ಆಚೆ ಬಡಕಲಾಗುತ್ತದೆ. ಹತ್ತು ಡೆಸಿಬೆಲ್ಲಿನ ಏರಿಳಿತ ಇಲ್ಲಿ ಸಾಮಾನ್ಯ. ನಮ್ಮ ಮನೆಗಳ ನುಣುಪು ಟೈಲ್ಸ್ ನೆಲ, ಬರಿಗೋಡೆ, ಕಾಂಕ್ರೀಟ್ ಸೂರು ಮೇಲಿನ ಸ್ವರಗಳನ್ನು ಮರುದನಿಯಾಗಿ ಚೆಲ್ಲುತ್ತವೆ. ಜೀವಾಳಿ ಕೂಡಿಸಿದ ತಂಬೂರಿಯ ಸೂಕ್ಷ್ಮ ಎಳೆಗಳು ಮೊದಲು ಕಳೆದುಹೋಗುವುದು ಈ ಚೆಲ್ಲಾಟದಲ್ಲೇ. ದಪ್ಪ ಜಮಖಾನ, ಪುಸ್ತಕ ತುಂಬಿದ ಕಪಾಟು, ಭಾರದ ಪರದೆ, ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತರುವುದು: ಇವು ತರುವ ಬದಲಾವಣೆಯನ್ನು ಯಾವ ಕೇಬಲ್ಲೂ ತರಲಾರದು.

ಆಂಪ್ಲಿಫೈಯರ್ ಇವುಗಳ ನಂತರ ಬರುತ್ತದೆ. ಕ್ವಾಡ್ ಪರೀಕ್ಷೆಯಿಂದ ಎಲ್ಲ ಆಂಪ್ಲಿಫೈಯರುಗಳೂ ಒಂದೇ ಎಂದು ತೀರ್ಮಾನಿಸುವುದು ತಪ್ಪು. ಎಲ್‌ಎಸ್50ರ ಸಂವೇದನೆ 85 ಡೆಸಿಬೆಲ್, ಅಂದರೆ ಒಂದು ವ್ಯಾಟಿಗೆ ಬರುವ ಸದ್ದು ಅಷ್ಟು. ಒಂದು ಮೀಟರ್ ದೂರದಲ್ಲಿ 95 ಡೆಸಿಬೆಲ್ ಬೇಕಾದರೆ 10 ವ್ಯಾಟ್ ಸಾಕು, 105 ಬೇಕಾದರೆ 100 ವ್ಯಾಟ್ ಬೇಕು. ತನಿಯಾವರ್ತನದ ಏಟುಗಳನ್ನು ಸಭೆಯ ಮಟ್ಟದಲ್ಲಿ ಕೇಳುವ ಆಸೆಯಿದ್ದರೆ ಸಣ್ಣ ಆಂಪ್ಲಿಫೈಯರ್ ಒಡೆದ ದನಿ ಕೊಡುತ್ತದೆ, ಮತ್ತು ಅದು ಯಾರಿಗೂ ಕೇಳುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚಿರುವ ಕೆಲವು ವಾಲ್ವ್ ಆಂಪ್ಲಿಫೈಯರುಗಳು ಸ್ಪೀಕರಿಗೆ ತಕ್ಕಂತೆ ನಾದದ ಸಮತೋಲನವನ್ನೇ ಬದಲಿಸುತ್ತವೆ. ಇವು ಅಳೆಯಬಹುದಾದ, ಕಿವಿಗೆ ಸಿಗುವ ಸಂಗತಿಗಳು. ಶಕ್ತಿ ಸಾಲುವ, ದೋಷ ಕಡಿಮೆಯಿರುವ ಎರಡು ಆಂಪ್ಲಿಫೈಯರುಗಳ ನಡುವೆ ಆರಿಸುವಾಗ ಬಾಳಿಕೆ, ರಿಪೇರಿಯ ಸೌಕರ್ಯ, ನೋಟ ಮುಖ್ಯವಾಗಲಿ.

ಡಿಜಿಟಲ್ ಧ್ವನಿಯನ್ನು ಅನಲಾಗ್ ಆಗಿಸುವ ಡಿಎಸಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1982ರಲ್ಲಿ ಬಂದ ಸಿಡಿಯ 16 ಬಿಟ್ ಸುಮಾರು 96 ಡೆಸಿಬೆಲ್ಲಿನ ವ್ಯಾಪ್ತಿ ಕೊಡುತ್ತದೆ. ಬೀದಿಯ ಸದ್ದು ಒಳಬರುವ ಮನೆಯಲ್ಲಿ ಅಷ್ಟನ್ನು ಬಳಸಲೂ ಆಗದು. 2007ರಲ್ಲಿ ಸಂಶೋಧಕರಾದ ಮೇಯರ್ ಮತ್ತು ಮೊರಾನ್ ಸಿಡಿಗಿಂತ ಸೂಕ್ಷ್ಮವಾಗಿ ಮುದ್ರಿಸಿದ ಹೈ-ರೆಸ್ ಧ್ವನಿಯನ್ನು ಸಿಡಿ ಗುಣಮಟ್ಟಕ್ಕೆ ಇಳಿಸಿ ಹೋಲಿಸಿದಾಗ, ಐನೂರು ಮೀರಿದ ಪ್ರಯತ್ನಗಳಲ್ಲಿ ಸರಿಯುತ್ತರ ಅರ್ಧದಷ್ಟೇ ಬಂತು. 2016ರಲ್ಲಿ ಜೋಶುವಾ ರೀಸ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಸಣ್ಣ ವ್ಯತ್ಯಾಸವೊಂದು ಇದೆಯೆಂದು ತೋರಿಸಿದರು. ಇದ್ದರೂ ಅದು ಅಷ್ಟು ಸಣ್ಣದು.

ಈಗ ಕರೆಂಟಿನ ವಿಷಯ. ಗೋಡೆಯ ಕರೆಂಟು ನೇರವಾಗಿ ಸ್ಪೀಕರಿಗೆ ಹೋಗುವುದಿಲ್ಲ. 230 ವೋಲ್ಟಿನ ಎಸಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಲ್ಲಿ ಇಳಿದು, ರೆಕ್ಟಿಫೈಯರಿನಲ್ಲಿ ಡಿಸಿಯಾಗಿ, ದೊಡ್ಡ ಕೆಪಾಸಿಟರುಗಳಲ್ಲಿ ತುಂಬಿ ನಿಲ್ಲುತ್ತದೆ. ಸಂಗೀತ ಬಳಸುವುದು ಕೆರೆಯಂತಿರುವ ಆ ಸಂಗ್ರಹವನ್ನು. ಸಣ್ಣ ಲೆಕ್ಕವೊಂದನ್ನು ನೋಡಿ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಯ ಒಂದೂವರೆ ಮೀಟರ್ ಕೇಬಲ್ಲಿನಲ್ಲಿ ಹೋಗಿಬರುವ ದಾರಿಯ ರೆಸಿಸ್ಟೆನ್ಸ್ 0.04 ಓಮ್ ಒಳಗೆ. ಒಂದು ಆಂಪಿಯರ್ ಹರಿದರೆ ಕಳೆಯುವುದು ಒಂದು ವೋಲ್ಟಿನ ಇಪ್ಪತ್ತೈದನೇ ಒಂದಂಶಕ್ಕೂ ಕಡಿಮೆ. ಮೀಟರ್ ಬೋರ್ಡಿನಿಂದ ಕೋಣೆಗೆ 20 ಮೀಟರ್ ಓಡುವ 2.5 ಚದರ ಮಿಲಿಮೀಟರಿನ ತಂತಿಯ ರೆಸಿಸ್ಟೆನ್ಸ್ ಅದರ ಎಂಟು ಪಟ್ಟು. ಆಚೆ ಬೀದಿಯ ಟ್ರಾನ್ಸ್‌ಫಾರ್ಮರಿನವರೆಗೆ ಇನ್ನೂ ತಂತಿಯಿದೆ. ಈ ದಾರಿಯ ಕೊನೆಯ ಒಂದೂವರೆ ಮೀಟರನ್ನು ಬೆಳ್ಳಿಯದಾಗಿಸಿದರೆ ಹಿಂದಿನದೆಲ್ಲ ಶುದ್ಧವಾಗುತ್ತದೆಂಬ ವಾದಕ್ಕೆ ಭೌತಶಾಸ್ತ್ರದ ಆಧಾರವಿಲ್ಲ.

ಕಂಡಿಷನರುಗಳು ಮೇಲಿನ ಕಂಪನಗಳ ಗದ್ದಲವನ್ನು ಸೋಸುತ್ತವೆ. ಪವರ್ ರೀಜನರೇಟರುಗಳು ಎಸಿಯನ್ನು ಡಿಸಿ ಮಾಡಿ ಹೊಸದಾಗಿ ಸೈನ್ ಅಲೆ ಕಟ್ಟಿಕೊಡುತ್ತವೆ. ಎರಡೂ ತಮ್ಮ ಸಾಕೆಟ್ಟಿನಲ್ಲಿ ಹೇಳಿದ ಕೆಲಸ ಮಾಡುತ್ತವೆ, ಜಾಹೀರಾತಿನ ಚಿತ್ರಗಳು ಸುಳ್ಳಲ್ಲ. ಆದರೆ ಅಳೆಯಬೇಕಾದದ್ದು ಸ್ಪೀಕರಿನ ಟರ್ಮಿನಲ್ಲಿನಲ್ಲಿ. ಚೆನ್ನಾಗಿ ಕಟ್ಟಿದ ಆಂಪ್ಲಿಫೈಯರ್ ಆ ಗದ್ದಲವನ್ನು ತನ್ನೊಳಗೇ ಸೋಸಿರುವುದರಿಂದ ಅಲ್ಲಿ ಬದಲಾವಣೆ ಕಾಣುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಆಂಪ್ಲಿಫೈಯರಿಗೆ ಕಂಡಿಷನರ್ ಇಲ್ಲದೆ ಆಗುವುದಿಲ್ಲ ಎಂದರೆ ಪ್ರಶ್ನಿಸಬೇಕಾದದ್ದು ಆ ಆಂಪ್ಲಿಫೈಯರನ್ನೇ.

ನಮ್ಮೂರಿನ ಕರೆಂಟಿಗೆ ನಿಜವಾದ ತೊಂದರೆಗಳಿವೆ, ಅವುಗಳ ಪರಿಹಾರ ಅಗ್ಗ. ಸ್ಕ್ವೇರ್ ವೇವ್ ಯುಪಿಎಸ್ ಮೇಲೆ ಓಡಿಸಿದರೆ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಸೈನ್ ವೇವ್ ಯುಪಿಎಸ್ ಹಾಕಿಸಬೇಕು. ಟಿವಿಯ ಕೇಬಲ್ ಸೇರಿದಾಗ ಶುರುವಾಗುವ ಗುಂಯ್‌ಕಾರಕ್ಕೆ ಎರಡು ಕಡೆಯ ಅರ್ಥಿಂಗ್ ಸೇರಿ ಆಗುವ ಗ್ರೌಂಡ್ ಲೂಪ್ ಕಾರಣ. ಎಲ್ಲ ಉಪಕರಣಗಳನ್ನೂ ಒಂದೇ ಬೋರ್ಡಿಗೆ ತಂದು, ಬೇಕಾದರೆ ಐಸೊಲೇಟರ್ ಹಾಕಬೇಕು. ಗುಂಯ್‌ಕಾರ ನಿಲ್ಲಿಸಲು ಅರ್ಥಿಂಗ್ ಪಿನ್ ಕಿತ್ತುಹಾಕುವುದು ಜೀವಕ್ಕೆ ಅಪಾಯ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಿಗೆ ಸರ್ಜ್ ಪ್ರೊಟೆಕ್ಟರ್ ಇರಲಿ, ಸಿಡಿಲು ಹತ್ತಿರ ಬಂದರೆ ಪ್ಲಗ್ ತೆಗೆದಿಡಬೇಕು. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಊರಿನಲ್ಲಿ ಸ್ಟೆಬಿಲೈಸರ್ ಬೇಕು. ಎಲ್ಲಕ್ಕಿಂತ ಮೊದಲು ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಸರಿಯಿದೆಯೇ ನೋಡಲಿ. ಆಡಿಯೊ ಪತ್ರಿಕೆಗಳು ಬರೆಯಬೇಕಾದ ಪವರ್ ವಿಮರ್ಶೆ ಇದು.

ಸ್ಪೀಕರ್ ತಂತಿಯಲ್ಲೂ ಲೆಕ್ಕಕ್ಕೆ ಬರುವುದು ದಪ್ಪ. 0.5 ಚದರ ಮಿಲಿಮೀಟರಿನ ತೆಳು ತಂತಿಯನ್ನು ಐದು ಮೀಟರ್ ಎಳೆದರೆ ರೆಸಿಸ್ಟೆನ್ಸ್ 0.4 ಓಮ್ ಹತ್ತಿರ ಬರುತ್ತದೆ. ನಾಲ್ಕು ಓಮ್ ಸ್ಪೀಕರಿಗೆ ಅದು ಹತ್ತನೇ ಒಂದಂಶ, ನಾದದ ಸಮತೋಲನ ಕೆಡಿಸಬಲ್ಲದು. 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ ಆ ದೋಷವನ್ನು ಕಳೆಯುತ್ತದೆ.

ನನಗೆ ಕೇಳಿಸಿತಲ್ಲ ಎನ್ನುವವರ ಅನುಭವವನ್ನು ನಾನು ತಳ್ಳಿಹಾಕುವುದಿಲ್ಲ. ಎರಡನೇ ಸಲ ಕೇಳುವಾಗ ಮನಸ್ಸು ಹೊಸದೊಂದನ್ನು ಹಿಡಿಯುತ್ತದೆ, ಹಿಂದೆ ಗಮನಿಸದ ತಂಬೂರಿ ಎದ್ದು ಬರುತ್ತದೆ. ಆ ಸಂತೋಷ ನಿಜ. ಅದು ಹುಟ್ಟಿದ್ದು ಗಮನದಿಂದ, ಕೇಬಲ್ಲಿನಿಂದಲ್ಲ. ಪವರ್ ಕೇಬಲ್ ಬದಲಿಸಲು ಆಂಪ್ಲಿಫೈಯರ್ ಆರಿಸಿ ಮತ್ತೆ ಹೊತ್ತಿಸಬೇಕು. ನಾದದ ಸೂಕ್ಷ್ಮ ನೆನಪು ಅಷ್ಟು ಹೊತ್ತು ಉಳಿಯುವುದಿಲ್ಲ. ದನಿಯ ಮಟ್ಟ ತುಸು ಏರಿದರೂ ಅದನ್ನು ನಾವು ಗುಣವೆಂದು ತಿಳಿಯುತ್ತೇವೆ.

ಹೀಗಾಗಿ ವಿಮರ್ಶಕರ ಕರ್ತವ್ಯ ಮೂರು. ಎರಡು ಉಪಕರಣಗಳ ದನಿಮಟ್ಟವನ್ನು 0.1 ಡೆಸಿಬೆಲ್ಲಿನೊಳಗೆ ಸರಿಹೊಂದಿಸಬೇಕು. ಯಾವುದು ನುಡಿಯುತ್ತಿದೆಯೆಂದು ತಿಳಿಯದಂತೆ ಕೇಳಬೇಕು. 16 ಪ್ರಯತ್ನಗಳಲ್ಲಿ ಎಷ್ಟು ಸರಿಬಂತೆಂದು ಅಚ್ಚುಹಾಕಬೇಕು. ಬರೀ ಊಹೆಯಿಂದ 12 ಅಥವಾ ಅದಕ್ಕೂ ಹೆಚ್ಚು ಸರಿಬರುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಕೊಳ್ಳುವವರೂ ಇದನ್ನೇ ಅಂಗಡಿಯಲ್ಲಿ ಕೇಳಲಿ: ಒಂದು ವಾರ ಮನೆಗೆ ಕೊಡಿ, ಇನ್ನೊಬ್ಬರಿಂದ ಗುಟ್ಟಾಗಿ ಬದಲಾಯಿಸಿ ನೋಡುತ್ತೇನೆ ಎಂದು. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಕಿಲ್ಲ. ನನ್ನ ತೀರ್ಪು ಇಷ್ಟು: ಇರುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪೀಕರಿಗೆ, ನಂತರ ಕೋಣೆಗೆ, ಶಕ್ತಿ ಸಾಲುವಷ್ಟು ಆಂಪ್ಲಿಫೈಯರಿಗೆ, ಸರಿಯಾದ ಅರ್ಥಿಂಗಿಗೆ. ದುಬಾರಿ ಪವರ್ ಕೇಬಲ್ಲಿಗೆ ಒಂದು ರೂಪಾಯಿಯೂ ಬೇಡ, ಅದು ಪರದೆಯ ಹಿಂದೆ ತನ್ನನ್ನು ಸಾಬೀತುಮಾಡುವ ತನಕ.