ಏಣಿ ಒಂದೇ, ನಿವೃತ್ತಿ ಎರಡು

ಸರ್ಕಾರಿ ನೌಕರರ ವೇತನವನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಶೇಕಡಾವಾರು ಲೆಕ್ಕದಲ್ಲಿಯೇ ಪ್ರಾರಂಭವಾಗಿ ಅದರಲ್ಲಿಯೇ ಪರ್ಯವಸಾನ ಹೊಂದುತ್ತದೆ. ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ ಕನಿಷ್ಠ ಮೂಲವೇತನವು 17,000 ರೂಪಾಯಿಗಳಿಂದ 27,000ಕ್ಕೆ ಏರಿದಾಗಲೂ ಹಾಗೆಯೇ ಆಯಿತು. ಅಗ್ನಿಶಾಮಕನ ಸಂಬಳವೂ ಎಲ್ಲರದರೊಡನೆ ಏರಿತು. ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ವಿಮರ್ಶೆಗೆ ಅರ್ಹವಾದದ್ದು ಸಂಬಳ ನಿಂತ ಮೇಲಿನ ವ್ಯವಸ್ಥೆ. ಅಂದರೆ, 2006ರ ಏಪ್ರಿಲ್ 1ರಿಂದೀಚೆಗೆ ಸೇವೆಗೆ ಸೇರಿದವರಿಗೆ ರಾಜ್ಯವು ಅನ್ವಯಿಸಿದ ಹೊಸ ಪಿಂಚಣಿ ಯೋಜನೆ (ಎನ್‌ಪಿಎಸ್).

ಹಳೆಯ ಪದ್ಧತಿ ನಿರ್ದುಷ್ಟವಾಗಿತ್ತೆಂದು ನಾನು ವಾದಿಸಲಾರೆ. ನಾಳೆ ಕೊಡಬೇಕಾದುದಕ್ಕೆ ಇಂದು ನಿಧಿಯನ್ನೇ ಕೂಡಿಡದೆ, ಅಂದಂದಿನ ಬೊಕ್ಕಸದಿಂದ ಅಂದಂದಿನ ನಿವೃತ್ತರಿಗೆ ಕೊಡುತ್ತ ಹೋಗುವುದು ವಿವೇಕದ ಗೃಹಕೃತ್ಯವಲ್ಲ. ಹೊಸ ಯೋಜನೆಯಲ್ಲಾದರೋ ನೌಕರನ ಮೂಲವೇತನ ಮತ್ತು ತುಟ್ಟಿಭತ್ಯೆಗಳ ಶೇ. 10ರಷ್ಟು, ಸರ್ಕಾರದ ಪಾಲಾಗಿ ಮೊದಲು ಅಷ್ಟೇ, ಅನಂತರ ಶೇ. 14ರಷ್ಟು, ತಿಂಗಳು ತಿಂಗಳು ಅವನ ಹೆಸರಿನಲ್ಲಿ ಜಮೆಯಾಗುತ್ತದೆ. ಲೆಕ್ಕದ ಪ್ರಾಮಾಣಿಕತೆ ಇಲ್ಲಿ ಹೆಚ್ಚು, ಒಪ್ಪಬೇಕು.

ಆದರೆ ಅಗ್ನಿಶಾಮಕ ಠಾಣೆಗೆ ಬಂದು ನೋಡಿದರೆ ಚಿತ್ರ ಬೇರೆ. 2005ರಲ್ಲಿ ಸೇರಿದವನೂ 2007ರಲ್ಲಿ ಸೇರಿದವನೂ ಕರೆಗಂಟೆ ಮೊಳಗಿದೊಡನೆ ಒಂದೇ ವಾಹನವನ್ನೇರುತ್ತಾರೆ, ನೀರಿನ ಒತ್ತಡಕ್ಕೆ ಸೆಟೆದು ನಿಲ್ಲುವ ಒಂದೇ ಹೋಸನ್ನು ಇಬ್ಬರೂ ಸೇರಿ ಹಿಡಿಯುತ್ತಾರೆ, ಉಸಿರಾಟದ ಸಿಲಿಂಡರನ್ನು ಬೆನ್ನಿಗೇರಿಸಿಕೊಂಡು ಒಂದೇ ಮೆಟ್ಟಿಲನ್ನು ಹತ್ತುತ್ತಾರೆ. ಅರುವತ್ತು ತುಂಬಿದಂದು ಮಾತ್ರ ಅವರ ದಾರಿ ಕವಲೊಡೆಯುತ್ತದೆ. ಮೊದಲನೆಯವನಿಗೆ ಪೂರ್ಣ ಸೇವೆಗೆ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಎರಡನೆಯವನು, ಠಾಣೆಯವರ ಮಾತಿನಲ್ಲಿ ‘ಎನ್‌ಪಿಎಸ್‌ನವನು’, ಕೂಡಿದ ಹಣದಲ್ಲಿ ಶೇ. 60ರವರೆಗೆ ಕೈಗೆ ಪಡೆದು, ಕನಿಷ್ಠ ಶೇ. 40ರಿಂದ ವರ್ಷಾಶನವನ್ನು ಕೊಳ್ಳಬೇಕು. ಆ ವರ್ಷಾಶನಕ್ಕೆ ತುಟ್ಟಿಭತ್ಯೆಯ ಆಸರೆಯಿಲ್ಲ. ಕೂಡುವ ಹಣದ ಮೊತ್ತವೂ ಮಾರುಕಟ್ಟೆಯ ಏರಿಳಿತಕ್ಕೆ ಅಧೀನ.

ಈ ಯೋಜನೆಯ ಮೂಲದೋಷ ನನಗೆ ಕಾಣುವುದು ಇನ್ನೊಂದೆಡೆ. ಇದನ್ನು ರಚಿಸಿದವರ ಕಣ್ಣಮುಂದಿದ್ದವನು ಮೇಜಿನ ಮುಂದೆ ಕುಳಿತು ಅರುವತ್ತರವರೆಗೂ ಒಂದೇ ಸಮನೆ ದುಡಿಯಬಲ್ಲ ಗುಮಾಸ್ತ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಹೊತ್ತಿಕೊಂಡು ಒಂಬತ್ತು ಮಂದಿ ಸತ್ತರು. ಅಂತಹ ಹೊಗೆಯೊಳಕ್ಕೆ ಐವತ್ತೆಂಟರ ವಯಸ್ಸಿನಲ್ಲಿ ನುಗ್ಗಬೇಕಾದ ದೇಹವನ್ನು ಅವರು ನೆನೆದಂತಿಲ್ಲ. ಮಂಡಿ ಸೋತು, ಶ್ವಾಸ ಕುಂದಿ, ಅವಧಿಗೆ ಮುನ್ನವೇ ಸ್ವಇಚ್ಛೆಯಿಂದ ಯೋಜನೆಯನ್ನು ಬಿಟ್ಟು ಹೊರಡುವವನು ಶೇ. 80ರಷ್ಟನ್ನು ವರ್ಷಾಶನಕ್ಕೆ ತೊಡಗಿಸಬೇಕು. ಕೈಗೆ ಬರುವುದು ಐದರಲ್ಲೊಂದು ಪಾಲು. ದುಡಿಮೆಯಿಂದ ಬೇಗ ಸವೆಯುವವನಿಗೇ ಹೆಚ್ಚು ದಂಡ!

ತಿದ್ದುಪಡಿಯ ಯತ್ನಗಳು ನಡೆದಿವೆ. 2006ಕ್ಕೆ ಮುನ್ನ ಅಧಿಸೂಚನೆ ಹೊರಟು ಅನಂತರ ನೇಮಕಗೊಂಡ ಸುಮಾರು 13,000 ನೌಕರರನ್ನು 2024ರ ಜನವರಿಯಲ್ಲಿ ರಾಜ್ಯವು ಹಳೆಯ ಪದ್ಧತಿಗೆ ಮರಳಿಸಿತು. ನ್ಯಾಯವೇ ಹೌದು, ಆದರೆ ಗೆರೆಯನ್ನು ನೇಮಕದ ದಿನದಿಂದ ಅಧಿಸೂಚನೆಯ ದಿನಕ್ಕೆ ಸರಿಸಿದ್ದರ ಹೊರತು ಬೇರೇನೂ ಆಗಲಿಲ್ಲ. 2025ರ ಏಪ್ರಿಲ್‌ನಿಂದ ಕೇಂದ್ರವು ತಂದ ಏಕೀಕೃತ ಪಿಂಚಣಿ ಯೋಜನೆ 25 ವರ್ಷಗಳ ಸೇವೆಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ ಅರ್ಧವನ್ನು ಖಾತ್ರಿಪಡಿಸುತ್ತದೆ. ಉತ್ತಮವಾದ ಹೆಜ್ಜೆ; ಆದರೂ 25 ವರ್ಷ ಮುಗಿಸಿ ಸ್ವಇಚ್ಛೆಯಿಂದ ನಿವೃತ್ತನಾದವನಿಗೆ ಆ ಹಣ ದೊರೆಯತೊಡಗುವುದು ವಯೋನಿವೃತ್ತಿಯ ದಿನದಿಂದಲೇ. ಐವತ್ತಕ್ಕೆ ಹೊರಬಂದವನು ಅದುವರೆಗೆ ಉಣ್ಣುವುದೇನನ್ನು?

ಮುಂಬಯಿಯ ಹಡಗುಕಟ್ಟೆಯ ಸ್ಫೋಟದಲ್ಲಿ 1944ರ ಏಪ್ರಿಲ್ 14ರಂದು ಮಡಿದ 66 ಅಗ್ನಿಶಾಮಕರ ಸ್ಮರಣೆಗೆಂದು ಪ್ರತಿವರ್ಷ ಸಪ್ತಾಹವನ್ನು ಆಚರಿಸುವ ರಾಜ್ಯ ಸರ್ಕಾರವು, ಪಿಂಚಣಿಯ ನಿಯಮಗಳನ್ನು ಮತ್ತೊಮ್ಮೆ ಕೈಗೆತ್ತಿಕೊಂಡಾಗ ಈ ಇಲಾಖೆಗೆ ಪ್ರತ್ಯೇಕವಾದೊಂದು ಅಧ್ಯಾಯವನ್ನು ಬರೆಯಲಿ: 25 ವರ್ಷ ಬೆಂಕಿಯೆದುರು ದುಡಿದವನಿಗೆ, ಸೇರಿದ ಇಸವಿ ಯಾವುದೇ ಇರಲಿ, ಹೊರಟ ತಿಂಗಳಿನಿಂದಲೇ ಪಿಂಚಣಿ ದೊರೆಯಲಿ.