ತಕ್ಕಡಿಯ ಮುಂದೆ ಆಮೋಸ

ಕೋಲಾರ ಸೀಮೆಯಲ್ಲಿ ಮುಂದಾಗುವುದನ್ನು ಹೇಳಿದವರೆಂದರೆ ಜನರಿಗೆ ಮೊದಲು ನೆನಪಾಗುವುದು ಕೈವಾರದ ತಾತಯ್ಯನವರು. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಕೈವಾರದ ಈ ಸಂತರ ಕಾಲಜ್ಞಾನ ಇಲ್ಲಿ ಮನೆಮಾತು. ಹಾಗಾಗಿಯೋ ಏನೋ, 'ಪ್ರವಾದಿ' ಎಂದೊಡನೆ ಭವಿಷ್ಯ ನುಡಿಯುವವರೆಂದೇ ಅನೇಕರು ತಿಳಿಯುತ್ತಾರೆ. ಉರ್ದು ಶಾಲೆಯಲ್ಲಿ ನಾವು ಕಲಿತ ಪದ ಬೇರೆಯದನ್ನೇ ಹೇಳುತ್ತದೆ. ಪೈಗಂಬರ್ ಎಂದರೆ ಪೈಗಾಮ್ ತಂದವರು, ಸಂದೇಶವಾಹಕರು. ಸಂದೇಶವೆಂದ ಮೇಲೆ ಅದನ್ನು ಕೇಳಿಸಿಕೊಳ್ಳಬೇಕಾದವರೂ ಇರುತ್ತಾರೆ. ಅವರು ಯಾರು?

ಪ್ರಾಚೀನ ಇಸ್ರೇಲಿನ ಪ್ರವಾದಿಗಳನ್ನು ಓದುವಾಗ ನಾವು ಮರೆಯುವುದು ಈ ಪ್ರಶ್ನೆಯನ್ನೇ. ಕ್ರೈಸ್ತ ಬಂಧುಗಳು ಆ ಗ್ರಂಥಗಳಲ್ಲಿ ಯೇಸುವಿನ ಮುನ್ಸೂಚನೆ ಹುಡುಕುತ್ತಾರೆ. ನಮ್ಮ ಭಾಷಣಕಾರರು ಪ್ರವಾದಿ ಮುಹಮ್ಮದ್(ಸ)ರ ಮುನ್ಸೂಚನೆ ಹುಡುಕುತ್ತಾರೆ. ಎರಡೂ ಶ್ರದ್ಧೆಯ ಹುಡುಕಾಟವೇ. ಆದರೆ ಆ ಮಾತಿಗೆ ಅಂದು ಯಾರ ಮುಖ ಕೆಂಪಾಯಿತು ಎಂಬುದು ಎರಡರಲ್ಲೂ ಬಿಟ್ಟುಹೋಗುತ್ತದೆ.

ಆಮೋಸನನ್ನೇ ತೆಗೆದುಕೊಳ್ಳೋಣ. ಕುರ್‌ಆನ್ ಇಲ್ಯಾಸ್, ಅಲ್‌ಯಸಅ್, ಯೂನುಸ್‌ರನ್ನು(ಅ) ಹೆಸರಿಸುತ್ತದೆ, ಆಮೋಸನನ್ನು ಹೆಸರಿಸುವುದಿಲ್ಲ. ಆದರೆ ಹೆಸರು ತಿಳಿಸದ ಸಂದೇಶವಾಹಕರೂ ಇದ್ದರೆಂದು ಅದೇ ಹೇಳುತ್ತದೆ. ಆದ್ದರಿಂದ ಆತನ ಬಗ್ಗೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಓದುವುದಕ್ಕೆ ಅಡ್ಡಿಯೂ ಇಲ್ಲ. 1831ರಲ್ಲಿ ಪೂರ್ಣಗೊಂಡ ಬಳ್ಳಾರಿಯ ಅನುವಾದದಿಂದಲೇ ಆತ ಕನ್ನಡದಲ್ಲಿದ್ದಾನೆ.

ಕಾಲ ಕ್ರಿ.ಪೂ. 750ರ ಆಸುಪಾಸು. ಎರಡನೇ ಯಾರೊಬ್ಬಾಮನ ಆಳ್ವಿಕೆಯಲ್ಲಿ ಇಸ್ರೇಲ್ ಸಿರಿವಂತವಾಗಿತ್ತು. ರಾಜಧಾನಿ ಸಮಾರ್ಯದ ಉತ್ಖನನದಲ್ಲಿ ಸಿಕ್ಕ ದಂತದ ಕೆತ್ತನೆಗಳು ಆ ಅರಮನೆಯ ವೈಭವಕ್ಕೆ ಸಾಕ್ಷಿ. ಅಲ್ಲಿಗೆ ದಕ್ಷಿಣದ ಯೆಹೂದದಿಂದ, ತೆಕೋವ ಎಂಬ ಊರಿನಿಂದ, ಕುರಿ ಕಾಯುವ, ಅತ್ತಿಹಣ್ಣು ಮಾಗಿಸುವ ಒಬ್ಬ ಬಂದ. ಬೇತೇಲಿನ ಅರ್ಚಕ ಅಮಚ್ಯ ಅವನನ್ನು ಗದರಿಸಿ, ನಿನ್ನ ಊರಿಗೆ ಹೋಗಿ ಹೊಟ್ಟೆ ಹೊರೆದುಕೋ ಎಂಬರ್ಥದ ಮಾತಾಡಿದ. ಪ್ರವಾದಿತನ ತನ್ನ ಕಸುಬಲ್ಲ ಎಂದ ಆಮೋಸ. ಬಾಯಿ ಮಾತ್ರ ಮುಚ್ಚಲಿಲ್ಲ.

ಕತೆ ಬರೆಯುವ ನಮಗೆ ಅವನ ಮಾತಿನ ಕಟ್ಟಡವೇ ಅಚ್ಚರಿ. ಮೊದಲು ದಮಸ್ಕದ ಅಪರಾಧ ಹೇಳುತ್ತಾನೆ. ಆಮೇಲೆ ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಎಲ್ಲ ನೆರೆಯವರು. ಕೇಳುಗರು ತಲೆದೂಗಿರಬೇಕು. ಆಮೇಲೆ ತನ್ನ ಸ್ವಂತ ನಾಡಾದ ಯೆಹೂದ. ಕೊನೆಗೆ ಎದುರು ನಿಂತ ಇಸ್ರೇಲ್! ಸುತ್ತು ಬಿಗಿಯುತ್ತಾ ಬಂದು ಕೇಳುಗನ ಕೊರಳಿಗೇ ಬೀಳುತ್ತದೆ. ಅಲ್ಲಿ ಆತ ಎಣಿಸುವುದು ಪೂಜೆಯ ಲೋಪಗಳನ್ನಷ್ಟೇ ಅಲ್ಲ. ಜುಜುಬಿ ಮೊತ್ತಕ್ಕೆ ಮಾರಾಟವಾಗುವ ಬಡವ, ಲಂಚ ತಿನ್ನುವ ನ್ಯಾಯ, ಹಬ್ಬ ಮುಗಿದು ಅಂಗಡಿ ತೆರೆಯುವುದನ್ನೇ ಕಾಯುವ ಕಳ್ಳ ಅಳತೆಯ ವರ್ತಕ ಎಲ್ಲರೂ ಬರುತ್ತಾರೆ.

ಮದ್‌ಯನ್ ಜನರಿಗೆ ಶುಐಬ್(ಅ) ಹೇಳಿದ್ದೂ ಅಳತೆ ತೂಕದ ಮಾತನ್ನೇ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ನಿಂತ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ಮುಂಗಡದ ದುಡಿಮೆಯನ್ನು ಬಲ್ಲವರಿಗೆ ಬಡವನ ಮಾರಾಟ ಪುರಾಣವಾಗಿ ಕಾಣದು.

ಆ ಕಾಲದಲ್ಲಿ ಹಿರಿಯರು ನ್ಯಾಯಕ್ಕೆ ಕೂರುತ್ತಿದ್ದುದು ಊರಬಾಗಿಲಲ್ಲಿ. ಬಡವನಿಗೆ ಅದೇ ಬಾಗಿಲು ಮುಚ್ಚಿತ್ತೆಂಬುದು ಆಮೋಸನ ಸಿಟ್ಟು. ಮೂಡಲ ಬಾಗಿಲೆಂದೇ ಹೆಸರು ಪಡೆದ ಮುಳಬಾಗಿಲಿನಲ್ಲಿ, ಹೈದರ್ ವಲಿ ದರ್ಗಾದ ನೆರಳಲ್ಲಿ ಕುಳಿತು ಇದನ್ನು ಓದಿದರೆ ಕಂಬಾಲಪಲ್ಲಿ ನೆನಪಾಗುತ್ತದೆ. 2000ದ ಮಾರ್ಚ್ 11ರಂದು ಅಲ್ಲಿ ಏಳು ದಲಿತರನ್ನು ಸುಟ್ಟು ಕೊಲ್ಲಲಾಯಿತು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಂದು ನಮ್ಮಲ್ಲಿ ಎಷ್ಟು ಮಂದಿ ಇದು ನಮ್ಮ ಮಾತೂ ಹೌದೆಂದು ಬಾಯಿ ಬಿಟ್ಟೆವು?

ಕ್ರಿ.ಪೂ. 722ರ ಹೊತ್ತಿಗೆ ಅಸ್ಸೀರಿಯದ ಸೇನೆಗೆ ಸಮಾರ್ಯ ಬಿತ್ತು. ಅದನ್ನು ಕಂಡು 'ಹೇಳಿದ್ದು ನಿಜವಾಯಿತು' ಎಂದು ಬೆರಗಾಗುವುದು ಸುಲಭ. ಆದರೆ ಬೀಳುವ ಮೊದಲು ತಿದ್ದಿಕೊಳ್ಳಲಿ ಎಂದಲ್ಲವೇ ಆತ ಹೇಳಿದ್ದು? ನಾವೂ ಸಭೆಗಳಲ್ಲಿ ಪರರ ಅನ್ಯಾಯದ ಪಟ್ಟಿ ಓದುತ್ತೇವೆ. ಅವುಗಳಲ್ಲಿ ಸುಳ್ಳಿಲ್ಲ. ಆದರೆ ನಾವು ಮೋವಾಬಿನಲ್ಲೇ ನಿಲ್ಲಿಸುತ್ತೇವೆ. ಇನ್ನೆರಡು ಹೆಸರು ಬಾಕಿಯಿರುತ್ತವೆ.